ಸಂಜೆ ಆರೂವರೆಗೆ ಕುಟುಂಬ ವೈದ್ಯರ (ಜಿಪಿ) ಬಾಗಿಲು ಮುಚ್ಚಿದ ಮೇಲೆ ಯಾರ ಬಳಿ ಹೋಗುವುದು? (ಬ್ರಿಟನ್ ಕನ್ನಡಿಗರಿಗೆ ಒಂದು ಪ್ರಶ್ನೆ)

ರೆಡಿಂಗ್‌ವಾಸಿ:
ಎಲ್ಲರಿಗೂ ನಮಸ್ಕಾರ. ಜೂನ್ ತಿಂಗಳಲ್ಲಿ ನನ್ನ ತಂದೆ ತಾಯಿ ಮೈಸೂರಿನಿಂದ ಬಂದು ಎರಡೂವರೆ ತಿಂಗಳು ನಮ್ಮೊಂದಿಗೆ ಇರಲಿದ್ದಾರೆ. ತಂದೆಯವರಿಗೆ ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ, ಜೊತೆಗೆ ಮನೆಯಲ್ಲಿ ಐದು ತಿಂಗಳ ಮಗುವಿದೆ. ನಮ್ಮ ಜಿಪಿ ಕ್ಲಿನಿಕ್ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ಮಾತ್ರ ತೆರೆದಿರುತ್ತದೆ. ಲೆಕ್ಕ ಹಾಕಿದರೆ ವಾರದ 168 ಗಂಟೆಗಳಲ್ಲಿ ಐವತ್ತೆರಡೂವರೆ ಗಂಟೆ ಮಾತ್ರ ವೈದ್ಯರು ಸಿಗುತ್ತಾರೆ, ಮಿಕ್ಕ ಹೊತ್ತಿನಲ್ಲಿ ಕಾಯಿಲೆ ಬೀಳುವಂತಿಲ್ಲ ಎಂದಾಯಿತು!

ರಾತ್ರಿ ಹತ್ತಕ್ಕೆ ಮಗುವಿಗೆ ಜ್ವರ ಬಂದರೆ, ಇಲ್ಲವೇ ಭಾನುವಾರ ತಂದೆಯವರಿಗೆ ತಲೆ ಸುತ್ತಿದರೆ ನಾವು ಮೊದಲು ಮಾಡಬೇಕಾದದ್ದು ಏನು? ಊರಿನಲ್ಲಾದರೆ ಹತ್ತಿರದ ನರ್ಸಿಂಗ್ ಹೋಮಿಗೆ ಆಟೋ ಹಿಡಿದು ಹೋಗಿಬಿಡುತ್ತಿದ್ದೆವು. ಇಲ್ಲಿ ಕೆಲವರು ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ ಎನ್ನುತ್ತಾರೆ, ಕೆಲವರು ಸುಮ್ಮನೆ ಎ ಆ್ಯಂಡ್ ಇ (ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ) ಗೆ ಹೋಗಿ ಎನ್ನುತ್ತಾರೆ. ವಿಸಿಟರ್ ವೀಸಾದಲ್ಲಿ ಬಂದ ಹಿರಿಯರಿಗೆ ಹಣ ಕೇಳುತ್ತಾರೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಿ.

ಇಬ್ಬರು ಮಕ್ಕಳ ಅಮ್ಮ:
ಜೀವಕ್ಕೆ ಅಪಾಯ ಎನಿಸಿದರೆ ತುರ್ತು ಸೇವೆಯ 999, ಇಲ್ಲದಿದ್ದರೆ 111. ಎರಡೂ ಉಚಿತ ಕರೆಗಳು, ಎರಡೂ ಇಪ್ಪತ್ನಾಲ್ಕು ಗಂಟೆ ಇರುತ್ತವೆ. ಮಿಕ್ಕದ್ದೆಲ್ಲ ಆಮೇಲಿನ ಮಾತು.

ಪ್ರಶ್ನೆ ಕೇಳುವವ:
ಅಷ್ಟು ಸರಳವಾಗಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಮೇಡಂ. 111ಕ್ಕೆ ಕರೆ ಮಾಡಿದಾಗ ಮೊದಲು ಮಾತನಾಡುವವರು ವೈದ್ಯರೂ ಅಲ್ಲ, ನರ್ಸೂ ಅಲ್ಲ. ಕಂಪ್ಯೂಟರ್ ಪರದೆಯ ಮೇಲೆ ಬಂದ ಪ್ರಶ್ನೆಗಳನ್ನು ಓದುವವರು. ಆ ತಂತ್ರಾಂಶವು ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳದಂತೆ ರಚಿತವಾಗಿರುವುದರಿಂದ, ಅನುಮಾನ ಬಂದಾಗಲೆಲ್ಲ ಎ ಆ್ಯಂಡ್ ಇ ಕಡೆಗೇ ಬೆರಳು ತೋರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊನೆಗೆ ಅಲ್ಲಿಗೇ ಹೋಗುವುದಾದರೆ ನಡುವೆ ಫೋನ್ ಏಕೆ?

ಇರುಳುಪಾಳಿ ನರ್ಸ್:
ನಾನು ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್ (ಪ್ರಾಣಾಪಾಯವಿಲ್ಲದ ತುರ್ತು ತೊಂದರೆಗಳನ್ನು ನೋಡುವ ಕೇಂದ್ರ) ಒಂದರಲ್ಲಿ ಕೆಲಸ ಮಾಡುತ್ತೇನೆ, ಆದ್ದರಿಂದ 111 ಕಳುಹಿಸಿದವರನ್ನು ನಿತ್ಯವೂ ನೋಡುತ್ತೇನೆ. ಕರೆ ಎತ್ತಿಕೊಳ್ಳುವವರು ವೈದ್ಯರಲ್ಲ ಎಂಬುದು ನಿಜ. ಆದರೆ ಅವರು ಕೇಳುವ ಪ್ರಶ್ನೆಗಳ ಕ್ರಮವನ್ನು ವೈದ್ಯರೇ ರೂಪಿಸಿದ್ದಾರೆ. ಕಾಲಿನ ಮೇಲಿನ ದದ್ದಿಗಾಗಿ ಕರೆ ಮಾಡಿದವರನ್ನು “ಉಸಿರಾಟ ಸರಿಯಾಗಿದೆಯೇ, ರಕ್ತ ಸುರಿಯುತ್ತಿದೆಯೇ, ಎಚ್ಚರವಾಗಿದ್ದಾರೆಯೇ” ಎಂದು ಕೇಳಿದರೆ ಕಿರಿಕಿರಿಯಾಗುವುದು ಸಹಜ. ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲ ಕಾರಣಗಳನ್ನು ಮೊದಲು ಪಟ್ಟಿಯಿಂದ ತೆಗೆದುಹಾಕಿ, ಆಮೇಲೆ ದದ್ದಿನ ವಿಷಯಕ್ಕೆ ಬರುವುದೇ ಅದರ ರೀತಿ.

ಎಲ್ಲರನ್ನೂ ಎ ಆ್ಯಂಡ್ ಇ ಗೆ ಅಟ್ಟುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆಗಳು ಮುಗಿದ ಮೇಲೆ ಒಬ್ಬ ನರ್ಸ್ ಅಥವಾ ವೈದ್ಯರು ಮರಳಿ ಕರೆ ಮಾಡಬಹುದು, ಅವಧಿ ಮೀರಿದ ಹೊತ್ತಿನ ಜಿಪಿ ಸೇವೆಯಲ್ಲಿ ಸಮಯ ಕೊಡಿಸಬಹುದು, ನಮ್ಮಂಥ ಕೇಂದ್ರದಲ್ಲಿ ಒಂದು ವೇಳೆಯನ್ನು ನಿಗದಿಪಡಿಸಬಹುದು, ಹಾಸಿಗೆಯಿಂದ ಏಳಲಾಗದವರಾದರೆ ವೈದ್ಯರನ್ನು ಮನೆಗೇ ಕಳುಹಿಸಬಹುದು. ಎ ಆ್ಯಂಡ್ ಇ ಗೇ ಹೋಗಬೇಕಾದಾಗಲೂ ಹಲವು ಆಸ್ಪತ್ರೆಗಳಲ್ಲಿ ಹೊತ್ತು ಗೊತ್ತುಮಾಡಿ ಕಳುಹಿಸುತ್ತಾರೆ. ಜೊತೆಗೆ ಆ ಕರೆಯ ವಿವರ ನಿಮ್ಮ ಜಿಪಿಗೆ ತಲುಪುತ್ತದೆ.

ಲೆಸ್ಟರಿನ ಹಳಬ:
ಈಗಿನವರಿಗೆ ಇದೆಲ್ಲ ದೊಡ್ಡ ಸೌಲಭ್ಯವಾಗಿ ಕಾಣುತ್ತದೆ. ತೊಂಬತ್ತರ ದಶಕದಲ್ಲಿ ನನ್ನ ಮಗನ ಗಂಟಲು ಕಟ್ಟಿಕೊಂಡು, ಅವನು ನಾಯಿ ಬೊಗಳಿದ ಹಾಗೆ ಕೆಮ್ಮತೊಡಗಿದಾಗ, ನಮ್ಮ ಜಿಪಿ ಮಲಗುವ ಉಡುಪಿನ ಮೇಲೆ ಕೋಟು ಹಾಕಿಕೊಂಡು ನಡುರಾತ್ರಿ ನಮ್ಮ ಮನೆಗೆ ಬಂದಿದ್ದರು. ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ಮಗುವಿನ ಉಸಿರಾಟವನ್ನು ಬಹಳ ಹೊತ್ತು ಗಮನಿಸಿ, ಅಪಾಯವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಎದ್ದು ಹೋದರು. 2004ರ ಏಪ್ರಿಲ್‌ನಲ್ಲಿ ಹೊಸ ಜಿಪಿ ಒಪ್ಪಂದ ಬಂದು, ವರ್ಷಕ್ಕೆ ಸರಾಸರಿ 6,000 ಪೌಂಡ್ ಬಿಟ್ಟುಕೊಟ್ಟ ಜಿಪಿಗಳು ರಾತ್ರಿ ಮತ್ತು ವಾರಾಂತ್ಯದ ಹೊಣೆಯಿಂದ ಕೈತೊಳೆದುಕೊಳ್ಳಬಹುದು ಎಂದಾಯಿತು. ಅಂದಿನಿಂದ ನಮ್ಮನ್ನು ಬಲ್ಲ ವೈದ್ಯರು ರಾತ್ರಿ ಸಿಗದಂತಾದರು.

ಗ್ಲಾಸ್ಗೋ ಗೌಡ:
ಹಳಬರೇ, ಆ ಜಿಪಿ ಮರುದಿನ ಬೆಳಿಗ್ಗೆ ನಿದ್ದೆಗೆಟ್ಟ ಕಣ್ಣಿನಲ್ಲಿ ಎಷ್ಟು ಜನ ರೋಗಿಗಳನ್ನು ನೋಡಿದರು ಎಂದು ಕೇಳಿದ್ದಿರಾ? ಹಗಲೆಲ್ಲ ದುಡಿದವರು ರಾತ್ರಿಯೂ ಎದ್ದು ಬರಲಿ ಎನ್ನುವುದು ನಮಗೆ ಹಿತ, ಔಷಧಿಯ ಪ್ರಮಾಣ ಬರೆಯುವ ಅವರ ಕೈಗೆ ಹಿತವಲ್ಲ. ಲಾರಿ ಚಾಲಕನಿಗೆ ಇಷ್ಟೇ ಗಂಟೆ ಓಡಿಸಬೇಕೆಂಬ ಕಾನೂನು ಮಾಡಿದ ದೇಶ ವೈದ್ಯರಿಗೆ ಮಾತ್ರ ವಿನಾಯಿತಿ ಕೊಡಬೇಕೇ?

ಲೆಸ್ಟರಿನ ಹಳಬ:
ಒಬ್ಬರೇ ಎದ್ದು ಬರಲಿ ಎಂದು ನಾನು ಹೇಳಲಿಲ್ಲ ಗೌಡರೇ. ಆರೇಳು ಕ್ಲಿನಿಕ್‌ಗಳು ಸೇರಿ ಸರದಿಯಂತೆ ರಾತ್ರಿಪಾಳಿ ಹಂಚಿಕೊಳ್ಳುವ ಪದ್ಧತಿ ಆಗಲೂ ಇತ್ತು. ಅದನ್ನು ಸುಧಾರಿಸುವ ಬದಲು ಕೈಬಿಟ್ಟರು ಎಂಬುದೇ ನನ್ನ ದೂರು.

ಇಬ್ಬರು ಮಕ್ಕಳ ಅಮ್ಮ:
ಚರಿತ್ರೆ ಇರಲಿ, ರೆಡಿಂಗ್‌ವಾಸಿಯವರ ಮನೆಯಲ್ಲಿ ಐದು ತಿಂಗಳ ಮಗುವಿದೆ. ಮಗುವಿನ ಜ್ವರದ ವಿಷಯದಲ್ಲಿ ಇಲ್ಲಿ ಎರಡು ಗೆರೆಗಳಿವೆ: ಮೂರು ತಿಂಗಳು ತುಂಬದ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಮೂರರಿಂದ ಆರು ತಿಂಗಳ ಮಗುವಿಗೆ 39 ಡಿಗ್ರಿ. ಅದನ್ನು ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಕರೆ ಮಾಡಬೇಕು. ನಮ್ಮ ಅತ್ತೆಯವರು ತಂದ ಥರ್ಮಾಮೀಟರ್ ಫ್ಯಾರನ್‌ಹೀಟ್‌ನದಾಗಿತ್ತು. ಅದರಲ್ಲಿ ಈ ಎರಡು ಗೆರೆಗಳು 100.4 ಮತ್ತು 102.2 ಎಂದಾಗುತ್ತವೆ. ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಐದು ವರ್ಷದೊಳಗಿನ ಮಕ್ಕಳಿಗಾಗಿ 111ರ ಜಾಲತಾಣವನ್ನು ಬಳಸುವಂತಿಲ್ಲ, ಫೋನನ್ನೇ ಮಾಡಬೇಕು ಎಂಬುದೂ ನೆನಪಿರಲಿ.

ಇರುಳುಪಾಳಿ ನರ್ಸ್:
ಮೇಲಿನ ಮಾತಿಗೆ ಒಂದು ಸೇರ್ಪಡೆ. ಅಂಕಿ ಕಡಿಮೆಯಿದ್ದರೂ ಮಗು ಹಾಲು ಕುಡಿಯದೆ, ಎಬ್ಬಿಸಿದರೂ ಸರಿಯಾಗಿ ಏಳದೆ, ಡೈಪರ್ ಹೊತ್ತುಗಟ್ಟಲೆ ಒಣಗಿಯೇ ಇದ್ದರೆ ಥರ್ಮಾಮೀಟರನ್ನು ಬದಿಗಿಟ್ಟು ಕರೆ ಮಾಡಿ. ದದ್ದು ಎದ್ದರೆ ಗಾಜಿನ ಲೋಟದ ಬದಿಯನ್ನು ಅದರ ಮೇಲೆ ಒತ್ತಿ ನೋಡಬೇಕು, ಒತ್ತಿದರೂ ಮಾಸದ ದದ್ದು ಮೆನಿಂಜೈಟಿಸ್‌ನ (ಮಿದುಳಿನ ಪೊರೆಯ ಉರಿಯೂತ) ಲಕ್ಷಣವಿರಬಹುದು, ಆಗ 999. ನಮ್ಮಂಥ ಕಂದು ಮೈಬಣ್ಣದ ಮಕ್ಕಳಲ್ಲಿ ಆ ದದ್ದು ಎದ್ದು ಕಾಣುವುದಿಲ್ಲ. ಅಂಗೈ, ಅಂಗಾಲು, ರೆಪ್ಪೆಯ ಒಳಭಾಗ ಮತ್ತು ಬಾಯಿಯ ಮೇಲ್ಭಾಗವನ್ನು ದೀಪದ ಬೆಳಕಿನಲ್ಲಿ ನೋಡಬೇಕು. ತುಟಿ ನೀಲಿಗಟ್ಟಿದೆಯೇ ಎಂದು ಫೋನಿನಲ್ಲಿ ಕೇಳಿದಾಗಲೂ ಅಷ್ಟೇ, ಅಂಗೈ ಅಂಗಾಲುಗಳ ಬಣ್ಣವನ್ನೂ ನೋಡಿ ಉತ್ತರಿಸಿ. ಆದರೆ ದದ್ದು ಬರುವವರೆಗೆ ಕಾಯಬೇಡಿ, ಮೆನಿಂಜೈಟಿಸ್‌ನಲ್ಲಿ ಅದು ಕೊನೆಗೆ ಬರಬಹುದು, ಬಾರದೆಯೂ ಇರಬಹುದು.

ಔಷಧಿ ಅಂಗಡಿಯವ:
ಮಗುವಿನ ಜ್ವರದ ಮಾತು ಬಂದದ್ದರಿಂದ, ಫಾರ್ಮಸಿಸ್ಟ್ ಆಗಿ ನಾನು ಮತ್ತೆ ಮತ್ತೆ ಎದುರಿಸುವ ಒಂದು ಅಪಾಯವನ್ನು ಹೇಳುತ್ತೇನೆ. ಊರಿನಿಂದ ಬರುವಾಗ ಅಜ್ಜಿ ತಾತಂದಿರು ಪ್ಯಾರಸಿಟಮಾಲ್ ಡ್ರಾಪ್ಸ್ ತರುತ್ತಾರೆ. ಅಲ್ಲಿನ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ. ಇಲ್ಲಿನ ಶಿಶುಗಳ ಸಿರಪ್‌ನಲ್ಲಿ 5 ಮಿಲಿಲೀಟರಿಗೆ 120, ಅಂದರೆ ಒಂದು ಮಿಲಿಲೀಟರಿಗೆ 24 ಮಿಲಿಗ್ರಾಂ ಮಾತ್ರ. ಇಲ್ಲಿನ ಬಾಟಲಿಯ ಮೇಲೆ ಬರೆದ 2.5 ಮಿಲಿಲೀಟರ್ ಎಂಬ ಪ್ರಮಾಣವನ್ನು ಊರಿನ ಡ್ರಾಪ್ಸ್‌ನಿಂದ ಅಳೆದು ಕೊಟ್ಟರೆ ಮಗುವಿನ ಹೊಟ್ಟೆಗೆ 60ರ ಬದಲು 250 ಮಿಲಿಗ್ರಾಂ ಹೋಗುತ್ತದೆ. ಮನೆಯಲ್ಲಿ ಒಂದೇ ಬಗೆಯ ಬಾಟಲಿ ಇರಲಿ, ಇನ್ನೊಂದನ್ನು ಕಣ್ಣಿಗೆ ಕಾಣದಂತೆ ಇಡಿ.

ದೊಡ್ಡವರಿಗೂ ಇದೇ ಮಾತು. ಊರಿನ 650 ಮಿಲಿಗ್ರಾಂ ಮಾತ್ರೆ, ಇಲ್ಲಿನ 500 ಮಿಲಿಗ್ರಾಂ ಮಾತ್ರೆ, ಅದರ ಮೇಲೆ ಬಿಸಿನೀರಿಗೆ ಬೆರೆಸುವ ನೆಗಡಿಯ ಪುಡಿ ಮೂರನ್ನೂ ತೆಗೆದುಕೊಂಡು, ಮೂರರಲ್ಲೂ ಇರುವುದು ಪ್ಯಾರಸಿಟಮಾಲ್ ಎಂದು ತಿಳಿಯದವರು ಬಹಳ ಮಂದಿ ಇದ್ದಾರೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ತೂಕ ಕಡಿಮೆಯಿದ್ದ ಹಿರಿಯರಿಗೆ ಅದಕ್ಕಿಂತ ಕಡಿಮೆ.

ಕಾರ್ಡಿಫ್ ಕಾವೇರಿ:
ಔಷಧಿ ಅಂಗಡಿಯವರೇ, ವಾರಾಂತ್ಯದಲ್ಲಿ ನಿಮ್ಮಂಥವರೇ ಮಾತ್ರೆ ಬರೆದುಕೊಡುತ್ತಾರೆ ಎಂದು ಕೇಳಿದ್ದೇನೆ, ನಿಜವೇ?

ಔಷಧಿ ಅಂಗಡಿಯವ:
ಇಂಗ್ಲೆಂಡಿನ ಮಟ್ಟಿಗೆ ನಿಜ, ಆದರೆ ಮಿತಿಯಿದೆ. 2024ರ ಜನವರಿ ಕೊನೆಯಿಂದ ಫಾರ್ಮಸಿ ಫಸ್ಟ್ ಎಂಬ ಯೋಜನೆಯಲ್ಲಿ ಏಳು ತೊಂದರೆಗಳಿಗೆ ಜಿಪಿಯ ಚೀಟಿಯಿಲ್ಲದೆ ನಾವೇ ಚಿಕಿತ್ಸೆ ಕೊಡಬಹುದು: ಗಂಟಲು ನೋವು, ಸೈನಸ್ ಸೋಂಕು, ಮಕ್ಕಳ ಕಿವಿನೋವು, ಸೋಂಕು ತಗುಲಿದ ಕೀಟದ ಕಡಿತ, ಇಂಪೆಟೈಗೋ ಎಂಬ ಚರ್ಮದ ಸೋಂಕು, ಸರ್ಪಸುತ್ತು, ಮತ್ತು 16ರಿಂದ 64 ವರ್ಷದ ಮಹಿಳೆಯರ ಸಾಧಾರಣ ಮೂತ್ರದ ಸೋಂಕು. ಅಗತ್ಯವಿದ್ದರೆ ಮಾತ್ರ ಆ್ಯಂಟಿಬಯೋಟಿಕ್, ಕೇಳಿದವರಿಗೆಲ್ಲ ಅಲ್ಲ. ಶನಿವಾರ ತೆರೆದಿರುವ ಅಂಗಡಿಗಳು ಬಹಳ ಇವೆ, ಕೆಲವು ರಾತ್ರಿ ತಡವಾಗಿಯೂ ಇರುತ್ತವೆ.

ರೆಡಿಂಗ್‌ವಾಸಿಯವರು ತಂದೆಯವರ ಮಾತ್ರೆಗಳ ಬಗ್ಗೆ ಈಗಲೇ ಯೋಚಿಸಬೇಕು. ಭಾರತದ ವೈದ್ಯರು ಬರೆದ ಚೀಟಿಗೆ ಇಲ್ಲಿನ ಅಂಗಡಿಯಲ್ಲಿ ಮಾನ್ಯತೆ ಇಲ್ಲ. ತಂಗುವ ಅವಧಿಗೆ ಸಾಲುವಷ್ಟು, ಮೇಲೊಂದಿಷ್ಟು ಹೆಚ್ಚಾಗಿಯೇ ತರಲಿ. ಬರುವ ಮೊದಲು ಅಲ್ಲಿನ ವೈದ್ಯರಿಂದ ಮಾತ್ರೆಗಳ ಬ್ರ್ಯಾಂಡ್ ಹೆಸರಲ್ಲದೆ ಒಳಗಿನ ಔಷಧದ ಹೆಸರನ್ನೂ ಪ್ರಮಾಣವನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಳ್ಳಲಿ. ಭಾರತದ ಬ್ರ್ಯಾಂಡ್ ಹೆಸರು ಕೇಳಿದರೆ ಇಲ್ಲಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್ ಎಂದರೆ ತಕ್ಷಣ ತಿಳಿಯುತ್ತದೆ.

ಕೊವೆಂಟ್ರಿ ಸೊಸೆ:
ಔಷಧಿ ಅಂಗಡಿಯವರು ಹೇಳಿದ್ದಕ್ಕೆ ನನ್ನ ಮನೆಯ ಒಂದು ಘಟನೆಯನ್ನು ಜೋಡಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಮಾವನವರು ಸಂಜೆ ನಡೆದಾಡಿ ಬಂದವರು ಬೆವರಿ ನಡುಗತೊಡಗಿದರು. ಊರಿನಿಂದ ತಂದ ಗ್ಲೂಕೋಮೀಟರಿನಲ್ಲಿ 62 ಎಂದು ತೋರಿಸಿತು. ನಾನು ಫೋನಿನಲ್ಲಿ “ಸಕ್ಕರೆ ಅರವತ್ತೆರಡು” ಎಂದಾಗ ಆ ಕಡೆಯವರು ಕ್ಷಣಕಾಲ ಸುಮ್ಮನಾಗಿ “ಯಾವ ಅಳತೆಯಲ್ಲಿ?” ಎಂದು ಕೇಳಿದರು. ಇಲ್ಲಿನ ಮೀಟರುಗಳು ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತವೆ, ಊರಿನವು ಮಿಲಿಗ್ರಾಂ ಲೆಕ್ಕದಲ್ಲಿ. ಊರಿನ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿನ ಅಂಕಿ ಸಿಗುತ್ತದೆ, ಅಂದರೆ ಅದು ಸುಮಾರು 3.4. ಇಲ್ಲಿ 4ಕ್ಕಿಂತ ಕೆಳಗಿದ್ದರೆ ಸಕ್ಕರೆ ಇಳಿದಿದೆ ಎಂದರ್ಥ. ಕೂಡಲೇ ಒಂದು ಸಣ್ಣ ಲೋಟ ಹಣ್ಣಿನ ರಸ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಲು ಹೇಳಿದರು. ಮಾವನವರು ಆಮೇಲೆ ಎದ್ದು ಕುಳಿತು ಚಪಾತಿ ಕೇಳಿದರು.

ಇರುಳುಪಾಳಿ ನರ್ಸ್:
ಬಹಳ ಒಳ್ಳೆಯ ಉದಾಹರಣೆ. ಒಂದೇ ಒಂದು ಎಚ್ಚರಿಕೆ: ಪ್ರಜ್ಞೆ ತಪ್ಪಿದ್ದರೆ ಅಥವಾ ನುಂಗಲಾಗದಂತೆ ಮಂಪರಿನಲ್ಲಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ 999ಕ್ಕೆ ಕರೆ ಮಾಡಬೇಕು. ಬೆಲ್ಲ, ಸಕ್ಕರೆ ಎಂದು ಪ್ರೀತಿಯಿಂದ ತುರುಕಿದ್ದು ಉಸಿರುಗೊಳವೆಗೆ ಇಳಿಯಬಹುದು.

ಬರ್ಮಿಂಗ್‌ಹ್ಯಾಮ್ ಭಾವ:
ಹಣದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ನೇರವಾಗಿ ಹೇಳುತ್ತೇನೆ, ವಿಸಿಟರ್ ವೀಸಾದವರಿಗೆ ಇಲ್ಲಿ ಎಲ್ಲದಕ್ಕೂ ದುಡ್ಡು. ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಬಿಲ್ ಬರುತ್ತದೆ.

ಕೊವೆಂಟ್ರಿ ಸೊಸೆ:
ಅದು ಸರಿಯಲ್ಲ ಭಾವ, ಇಂಥ ಮಾತು ಕೇಳಿಯೇ ಹಿರಿಯರು ಎದೆನೋವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ 111, ಜಿಪಿ ಭೇಟಿ, ಅರ್ಜೆಂಟ್ ಟ್ರೀಟ್‌ಮೆಂಟ್ ಸೆಂಟರ್ ಮತ್ತು ಎ ಆ್ಯಂಡ್ ಇ ಯಲ್ಲಿನ ಚಿಕಿತ್ಸೆಗೆ ವಿಸಿಟರ್‌ಗಳಿಂದಲೂ ಹಣ ಕೇಳುವುದಿಲ್ಲ. ವಾರ್ಡಿಗೆ ದಾಖಲು ಮಾಡಿಕೊಂಡ, ಇಲ್ಲವೇ ಆಸ್ಪತ್ರೆಯ ಹೊರರೋಗಿ ಕ್ಲಿನಿಕ್‌ಗೆ ಕಳುಹಿಸಿದ ಗಳಿಗೆಯಿಂದ ಲೆಕ್ಕ ಶುರುವಾಗುತ್ತದೆ. ನಮ್ಮ ಅತ್ತೆಯವರು ಮೆಟ್ಟಿಲಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಾಗ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದ್ದಕ್ಕೆ ಒಂದು ಪೆನ್ನಿಯನ್ನೂ ಕೇಳಲಿಲ್ಲ, ಆಮೇಲೆ ಫ್ರ್ಯಾಕ್ಚರ್ ಕ್ಲಿನಿಕ್‌ಗೆ ಹೋದದ್ದಕ್ಕೆ ಬಿಲ್ ಬಂತು. ಅದನ್ನು ವಿಮೆಯವರು ಕೊಟ್ಟರು.

ಬರ್ಮಿಂಗ್‌ಹ್ಯಾಮ್ ಭಾವ:
ಸರಿಯಮ್ಮ, ದಾಖಲಾದ ಮೇಲೆ ಎಂದೇ ಇಟ್ಟುಕೊಳ್ಳೋಣ. ಆದರೆ ಆ ಬಿಲ್ ಎಷ್ಟು ಬೆಳೆಯುತ್ತದೆ ಎಂಬುದನ್ನೂ ಹೇಳಬೇಕು. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ತನ್ನ ದರಪಟ್ಟಿಯ ಶೇಕಡಾ 150ರಷ್ಟನ್ನು ಹೊರದೇಶದ ವಿಸಿಟರ್‌ಗಳಿಂದ ಕೇಳುತ್ತದೆ. ಭಾರತದೊಂದಿಗೆ ಪರಸ್ಪರ ಚಿಕಿತ್ಸೆಯ ಒಪ್ಪಂದವೂ ಇಲ್ಲ. 500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬಾಕಿ ಎರಡು ತಿಂಗಳು ಉಳಿದರೆ ವಿಷಯ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ಹೋಗಿ, ಮುಂದಿನ ವೀಸಾಗೆ ಕುತ್ತು ಬರಬಹುದು. ಪ್ರಾಣಾಪಾಯವಿದ್ದಾಗ ಹಣಕ್ಕಾಗಿ ಚಿಕಿತ್ಸೆಯನ್ನು ತಡೆಯುವುದಿಲ್ಲ ಎಂಬುದು ನಿಜ, ಆದರೆ ಬಿಲ್ ಹಿಂದೆಯೇ ಬರುತ್ತದೆ. ಆದ್ದರಿಂದ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡನ್ನೂ ಬರೆಸಿ. ಪ್ರೀಮಿಯಂ ಏರುತ್ತದೆ ಎಂದು ಮುಚ್ಚಿಟ್ಟರೆ, ಬೇಕಾದ ದಿನ ಆ ಕಾಗದಕ್ಕೆ ಬೆಲೆಯಿರುವುದಿಲ್ಲ.

ರೆಡಿಂಗ್‌ವಾಸಿ:
ಇದು ನನಗೆ ಗೊತ್ತಿರಲಿಲ್ಲ, ಬಹಳ ಉಪಕಾರವಾಯಿತು. ತಂದೆಯವರನ್ನು ನಮ್ಮ ಜಿಪಿಯಲ್ಲಿ ನೋಂದಾಯಿಸಲು ಸಾಧ್ಯವೇ?

ಇರುಳುಪಾಳಿ ನರ್ಸ್:
ಸಾಧ್ಯ. 24 ಗಂಟೆಗಿಂತ ಹೆಚ್ಚು, ಮೂರು ತಿಂಗಳಿಗಿಂತ ಕಡಿಮೆ ತಂಗುವವರನ್ನು ತಾತ್ಕಾಲಿಕ ರೋಗಿಯಾಗಿ ಸೇರಿಸಿಕೊಳ್ಳಬಹುದು. ಬಂದ ವಾರದಲ್ಲೇ, ಯಾರಿಗೂ ಏನೂ ಆಗದಿರುವಾಗಲೇ ಕೇಳಿ. ಹಾಗೆಯೇ ಇನ್ನೊಂದು: 2022ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಜಿಪಿ ಕ್ಲಿನಿಕ್‌ಗಳು ಗುಂಪುಗೂಡಿ ವಾರದ ದಿನಗಳಲ್ಲಿ ಸಂಜೆ 6.30ರಿಂದ 8ರವರೆಗೆ, ಶನಿವಾರ 9ರಿಂದ 5ರವರೆಗೆ ಅಪಾಯಿಂಟ್‌ಮೆಂಟ್ ಕೊಡುತ್ತಿವೆ. ನಿಮ್ಮ ಕ್ಲಿನಿಕ್‌ನ ಬಾಗಿಲು ಮುಚ್ಚಿದ್ದರೂ ಪಕ್ಕದ ಬೀದಿಯದು ತೆರೆದಿರಬಹುದು. ರಿಸೆಪ್ಷನಿಸ್ಟ್ ತಾನಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಬೇಕು.

ಶೆಫೀಲ್ಡ್ ವಿದ್ಯಾರ್ಥಿ:
ನಮ್ಮ ಹಾಸ್ಟೆಲ್‌ನಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ. 111ರಲ್ಲಿ “ಎದೆನೋವು ಇದೆ” ಎಂದರೆ ಬೇಗ ಕೆಲಸವಾಗುತ್ತದೆ, ಆ್ಯಂಬುಲೆನ್ಸ್‌ನಲ್ಲಿ ಹೋದರೆ ಎ ಆ್ಯಂಡ್ ಇ ಯಲ್ಲಿ ಕಾಯಬೇಕಾಗುವುದಿಲ್ಲ ಎಂದು. ಇದು ನಿಜವೇ?

ಇರುಳುಪಾಳಿ ನರ್ಸ್:
ಎರಡನೆಯದು ಸುಳ್ಳು, ಮೊದಲನೆಯದು ಪಾಪ. ಆ್ಯಂಬುಲೆನ್ಸ್‌ನಲ್ಲಿ ಬಂದವರನ್ನೂ ನಡೆದು ಬಂದವರನ್ನೂ ಒಂದೇ ಅಳತೆಗೋಲಿನಲ್ಲಿ ತೂಗಿ, ತೀವ್ರತೆ ಕಡಿಮೆಯಿದ್ದರೆ ಕಾಯುವ ಕೋಣೆಯ ಕುರ್ಚಿಗೇ ಕಳುಹಿಸುತ್ತಾರೆ. ಇನ್ನು ಎದೆನೋವಿನ ಸುಳ್ಳು. ಹೃದಯ ನಿಂತವರು, ಉಸಿರು ನಿಂತವರು ಆ್ಯಂಬುಲೆನ್ಸ್ ಕರೆಗಳ ಮೊದಲನೆಯ ವರ್ಗಕ್ಕೆ ಸೇರುತ್ತಾರೆ, ಅವರ ಬಳಿಗೆ ಸರಾಸರಿ 7 ನಿಮಿಷಗಳಲ್ಲಿ ತಲುಪಬೇಕು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಶಂಕೆ ಎರಡನೆಯ ವರ್ಗ, ಅದಕ್ಕಿಟ್ಟ ಗುರಿ ಸರಾಸರಿ 18 ನಿಮಿಷ. ಆ ಗುರಿಯನ್ನು ಮುಟ್ಟಲಾಗದೆ ಏದುಸಿರು ಬಿಡುತ್ತಿರುವ ಸೇವೆಯಿಂದ ಒಂದು ವಾಹನವನ್ನು ನಿಮ್ಮ ಗಂಟಲು ನೋವಿಗೆ ಸೆಳೆದುಕೊಂಡರೆ, ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿರುವ ಇನ್ನಾರೋ ಕಾಯುತ್ತಾರೆ. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದಲೇ “ಕೊನೆಯ ಬಾರಿ ಚೆನ್ನಾಗಿದ್ದದ್ದು ಯಾವಾಗ” ಎಂದು ಕೇಳುತ್ತೇವೆ. ಗಡಿಯಾರ ನೋಡಿಟ್ಟುಕೊಳ್ಳಿ.

ಶೆಫೀಲ್ಡ್ ವಿದ್ಯಾರ್ಥಿ:
ಗೊತ್ತಾಯಿತು ಅಕ್ಕ. ಹಾಸ್ಟೆಲ್ ಗುಂಪಿನಲ್ಲಿ ಇದನ್ನು ಹಾಗೆಯೇ ಹಾಕುತ್ತೇನೆ.

ಪ್ರಶ್ನೆ ಕೇಳುವವ:
ನನ್ನ ಮನೆಯಲ್ಲಿ ಬೇರೆಯೇ ದಾರಿಯಿದೆ. ಬೆಂಗಳೂರಿನಲ್ಲಿ ನನ್ನ ಸೋದರತ್ತೆಯ ಮಗ ಮಕ್ಕಳ ವೈದ್ಯ. ಇಲ್ಲಿ ನಡುರಾತ್ರಿಯಾದರೆ ಬೇಸಿಗೆಯಲ್ಲಿ ಅವನಿಗೆ ಬೆಳಗಿನ ನಾಲ್ಕೂವರೆ. ಆದರೂ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳುಹಿಸಿದರೆ ಉತ್ತರ ಬರುತ್ತದೆ. ನಮ್ಮ ಮಗುವನ್ನು ಹುಟ್ಟಿದಾಗಿನಿಂದ ಬಲ್ಲವನು, ನಮ್ಮ ಭಾಷೆ ಬಲ್ಲವನು. ಪರದೆ ನೋಡಿ ಓದುವ ಅಪರಿಚಿತರಿಗಿಂತ ಅವನು ಮೇಲಲ್ಲವೇ?

ಲೆಸ್ಟರಿನ ಹಳಬ:
ಈ ಒಂದು ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಬಲ್ಲವರ ಒಂದು ಮಾತು ಧೈರ್ಯ ಕೊಡುತ್ತದೆ.

ಇಬ್ಬರು ಮಕ್ಕಳ ಅಮ್ಮ:
ಧೈರ್ಯ ಕೊಡುತ್ತದೆ ನಿಜ, ಅದೇ ಅದರ ಅಪಾಯವೂ ಹೌದು. ಅವರು ಮಗುವಿನ ಹೊಟ್ಟೆ ಮುಟ್ಟಿ ನೋಡಲಾರರು, ಎದೆಗೆ ಸ್ಟೆತಸ್ಕೋಪ್ ಇಡಲಾರರು, ಇಲ್ಲಿ ಔಷಧಿ ಬರೆದುಕೊಡಲಾರರು. ನಿದ್ದೆಗಣ್ಣಿನಲ್ಲಿ ಒಂದು ಮಸುಕು ಚಿತ್ರ ನೋಡಿ “ಬೆಳಿಗ್ಗೆ ನೋಡೋಣ” ಎಂದರೆ ನೀವು ಮಲಗಿಬಿಡುತ್ತೀರಿ. ಒಳ್ಳೆಯ ವೈದ್ಯರಾದರೆ “ಅಲ್ಲೇ ತೋರಿಸು” ಎಂದೇ ಹೇಳುತ್ತಾರೆ. ಆಗ ಉಳಿಯುವುದು ಅದೇ 111, ಕಳೆದದ್ದು ಅರ್ಧ ಗಂಟೆ.

ಪ್ರಶ್ನೆ ಕೇಳುವವ:
ಅವನು ಹೆಚ್ಚಾಗಿ “ಅಲ್ಲೇ ತೋರಿಸು” ಎಂದೇ ಹೇಳುವುದು ಎಂಬುದನ್ನು ಒಪ್ಪುತ್ತೇನೆ. ಆದರೂ ಕೇಳುವುದನ್ನು ನಾನು ಬಿಡುವುದಿಲ್ಲ.

ಗ್ಲಾಸ್ಗೋ ಗೌಡ:
ಇಲ್ಲಿ ಎಲ್ಲರೂ ಇಂಗ್ಲೆಂಡಿನ ನಿಯಮವನ್ನೇ ಬ್ರಿಟನ್ನಿನ ನಿಯಮ ಎಂಬಂತೆ ಹೇಳುತ್ತಿದ್ದೀರಿ. ಸ್ಕಾಟ್ಲೆಂಡಿನಲ್ಲೂ ಸಂಖ್ಯೆ 111 ಆದರೂ ಅದನ್ನು ನಡೆಸುವುದು ಎನ್‌ಎಚ್‌ಎಸ್ 24 ಎಂಬ ಬೇರೆ ಸಂಸ್ಥೆ. ಫಾರ್ಮಸಿ ಫಸ್ಟ್ ಎಂಬ ಸೇವೆ ನಮ್ಮಲ್ಲಿ 2020ರಲ್ಲೇ ಬಂದಿತ್ತು. ಔಷಧಿ ಚೀಟಿಗೂ ಇಲ್ಲಿ 2011ರಿಂದ ಹಣ ಕೊಡಬೇಕಾಗಿಲ್ಲ.

ಕಾರ್ಡಿಫ್ ಕಾವೇರಿ:
ವೇಲ್ಸ್‌ನಲ್ಲಿ ನಿಮಗಿಂತ ಮೊದಲೇ ಆಯಿತು ಗೌಡರೇ, 2007ರಲ್ಲೇ! ಇಂಗ್ಲೆಂಡಿನವರು ಮಾತ್ರ 2024ರ ಮೇ ತಿಂಗಳಿನಿಂದ ಪ್ರತಿ ಔಷಧಿಗೆ 9 ಪೌಂಡ್ 90 ಪೆನ್ಸ್ ಕೊಡುತ್ತ ಬಂದಿದ್ದಾರೆ. ಅವರಲ್ಲೂ ಮಕ್ಕಳಿಗೆ ಮತ್ತು 60 ದಾಟಿದವರಿಗೆ ಇಲ್ಲ.

ಹೆಸರು ಬೇಡ:
ವಿಷಯಕ್ಕೆ ಸ್ವಲ್ಪ ಪಕ್ಕದ ಪ್ರಶ್ನೆ. ಜ್ವರ, ನೋವು ಏನೂ ಇಲ್ಲ, ಆದರೆ ರಾತ್ರಿಯ ಹೊತ್ತು ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಸಿಯುತ್ತದೆ. ಅದಕ್ಕೂ ಈ ಸಂಖ್ಯೆ ನಡೆಯುತ್ತದೆಯೇ?

ಇರುಳುಪಾಳಿ ನರ್ಸ್:
ಪಕ್ಕದ ಪ್ರಶ್ನೆಯಲ್ಲ, ಇದೂ ಅದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ, ವೇಲ್ಸ್‌ನಲ್ಲಿ 111ಕ್ಕೆ ಕರೆ ಮಾಡಿ 2 ಒತ್ತಿದರೆ ಮಾನಸಿಕ ಆರೋಗ್ಯದ ತಂಡ ಸಿಗುತ್ತದೆ, ಹಗಲು ರಾತ್ರಿ ಎರಡೂ ಹೊತ್ತು. ಜೀವ ತೆಗೆದುಕೊಳ್ಳುವ ಹಂತಕ್ಕೆ ಮನಸ್ಸು ಬಂದಿದ್ದರೆ 999 ಅಥವಾ ಎ ಆ್ಯಂಡ್ ಇ, ಅದಕ್ಕಾಗಿ ಯಾರೂ ನಿಮ್ಮನ್ನು ಕಡಿಮೆಯಾಗಿ ಕಾಣುವುದಿಲ್ಲ. ಮನನೊಂದವರ ಮಾತಿಗೆ ಕಿವಿಗೊಡುವ ಸಮಾರಿಟನ್ಸ್ ಸಂಸ್ಥೆಯ 116 123 ಕೂಡ ಉಚಿತ, ಯಾವ ಹೊತ್ತಿನಲ್ಲೂ ಮಾತನಾಡಬಹುದು. ಇವತ್ತು ರಾತ್ರಿ ಹಾಗೆನಿಸಿದರೆ ಇವತ್ತೇ ಕರೆ ಮಾಡಿ. ಬೇಕಾದರೆ ನನಗೆ ಇಲ್ಲಿ ಖಾಸಗಿಯಾಗಿ ಬರೆಯಿರಿ, ಪಾಳಿ ಮುಗಿದ ಕೂಡಲೇ ಓದುತ್ತೇನೆ.

ರೆಡಿಂಗ್‌ವಾಸಿ:
ಕೊನೆಯದಾಗಿ ಒಂದು ಸಂಶಯ. ನಾವಿಬ್ಬರೂ ಕೆಲಸಕ್ಕೆ ಹೋದಾಗ ತಾಯಿಯವರು ಒಬ್ಬರೇ ಕರೆ ಮಾಡಬೇಕಾಗಿ ಬಂದರೆ? ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

ಕೊವೆಂಟ್ರಿ ಸೊಸೆ:
111ರಲ್ಲಿ ದುಭಾಷಿಯನ್ನು ಕೇಳಬಹುದು. “ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್” ಎಂಬ ಮೂರು ಪದಗಳನ್ನು ಅತ್ತೆಯವರಿಂದ ನಾನು ಗಟ್ಟಿಯಾಗಿ ಹೇಳಿಸಿ ರೂಢಿ ಮಾಡಿಸಿದ್ದೆ. ದುಭಾಷಿ ಸಿಗುವವರೆಗೆ ಕರೆ ಕತ್ತರಿಸಬಾರದು ಎಂದು ತಿಳಿಸಿ ಹೇಳಿ. ಮನೆಯ ಪೋಸ್ಟ್‌ಕೋಡ್, ತಂದೆಯವರ ಜನ್ಮದಿನಾಂಕ, ಮಾತ್ರೆಗಳ ಪಟ್ಟಿ ಇಷ್ಟನ್ನೂ ಫೋನಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ.

ಬರ್ಮಿಂಗ್‌ಹ್ಯಾಮ್ ಭಾವ:
ಹಲ್ಲುನೋವಿಗೆ ಏನು ಗತಿ? ನನ್ನ ದವಡೆ ಶುಕ್ರವಾರ ಸಂಜೆಯೇ ನೋಯಲು ಶುರುವಾಗುತ್ತದೆ, ಅದೇನು ಹಟವೋ.

ಔಷಧಿ ಅಂಗಡಿಯವ:
ಅದಕ್ಕೂ 111, ತುರ್ತು ದಂತವೈದ್ಯರನ್ನು ಹುಡುಕಿಕೊಡುತ್ತಾರೆ. ಹಲ್ಲುನೋವಿಗೆ ಜಿಪಿಯೂ ಎ ಆ್ಯಂಡ್ ಇ ಯವರೂ ಹಲ್ಲು ಮುಟ್ಟುವುದಿಲ್ಲ. ಕೆನ್ನೆ ಊದಿಕೊಂಡು ಕಣ್ಣಿನ ಕಡೆಗೆ ಏರುತ್ತಿದ್ದರೆ, ನುಂಗಲು, ಉಸಿರಾಡಲು, ಬಾಯಿ ತೆರೆಯಲು ಕಷ್ಟವಾದರೆ ಮಾತ್ರ ನೇರವಾಗಿ ಎ ಆ್ಯಂಡ್ ಇ ಗೆ ಹೋಗಿ. ಅಲ್ಲಿಯವರೆಗೆ ಲವಂಗದೆಣ್ಣೆ ಹಚ್ಚಿಕೊಂಡು ಸೋಮವಾರದವರೆಗೆ ತಳ್ಳುವ ಅಭ್ಯಾಸವಿದ್ದರೆ ಬಿಡಿ ಭಾವ, ಭಾನುವಾರ ರಾತ್ರಿ ನನ್ನ ಅಂಗಡಿ ತೆರೆದಿರುವುದಿಲ್ಲ.